ಅಮ್ಮ ಕೊಟ್ಟ ಮಾತು

ಇಸ್ತ್ರಿ ಮಾಡುವಾಗ ಕೈಗಷ್ಟೇ ಕೆಲಸ, ಕಣ್ಣು ಸುಮ್ಮನೆ ಬಿದ್ದಿರುತ್ತದೆ ಎಂಬುದು ಮಗಳ ವಾದ. ಮನೆಯ ಹಜಾರದಲ್ಲೇ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಅವಳು, ಆ ಬಿಡುವಿನ ಕಣ್ಣಿಗೋಸ್ಕರ ಲೈಬ್ರರಿಯಿಂದ ಹಳೇ ಸಿನಿಮಾ ಡಿಸ್ಕ್ ತರಲು ಶುರು ಮಾಡಿದಳು.

ಲೈಬ್ರರಿಯ ನೆಲಮಾಳಿಗೆಯಲ್ಲಿ ಒಂದು ಬೀರು ತುಂಬ ಅಂಥವೇ ಇದ್ದವು. ಅದನ್ನು ನೋಡಿಕೊಳ್ಳುವವರಿಗೆ ಜನ ಇಟ್ಟ ಹೆಸರು ‘ಶ್ಶ್ ಮೇಷ್ಟ್ರು’. ಯಾರಾದರೂ ಸೀನಿದರೂ ‘ಶ್ಶ್’ ಎನ್ನುವ ಮನುಷ್ಯ ಸಿನಿಮಾ ವಿಷಯ ಬಂದರೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ. “ಇಸವಿ ಪ್ರಕಾರ ನೋಡಮ್ಮ, ಮಧ್ಯೆ ಹಾರಿಸ್ಬೇಡ” ಎಂದು ವಾರಕ್ಕೆ ಮೂರು ಕೊಡುತ್ತಿದ್ದರು. “ಕಪ್ಪು ಬಿಳುಪು ಯಾರು ನೋಡ್ತಾರೆ” ಎಂದು ಮೂಗು ಮುರಿದವಳೇ ಮೂರನೇ ವಾರಕ್ಕೆ ಹುಚ್ಚು ಹಿಡಿಸಿಕೊಂಡಳು. ಬಣ್ಣವಿಲ್ಲದ ಆ ಜನ ಎಷ್ಟು ಚೆಂದ ಜಗಳ ಆಡುತ್ತಿದ್ದರು!

ಅಮ್ಮ ಮಾತ್ರ ಸಿನಿಮಾ ಶುರುವಾದರೆ ಅಡುಗೆಮನೆ ಸೇರುತ್ತಿದ್ದಳು. ಗಂಟಲಿನ ಆಪರೇಷನ್ ಆಗಿ ಎರಡು ವರ್ಷ. ಜೀವ ಉಳಿಯಿತು, ದನಿ ಹೋಯಿತು. ಏನಿದ್ದರೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಮಗಳ ಸಂಕಟವೇ ಬೇರೆ. ಅಮ್ಮನ ದನಿ ಅವಳಿಗೆ ಮರೆತುಹೋಗುತ್ತಿತ್ತು. ಒಂದು ಫೋನಿನಲ್ಲಿಲ್ಲ, ಒಂದು ಮದುವೆ ವೀಡಿಯೋದಲ್ಲಿಲ್ಲ. ಮೈಕು ಕಂಡರೆ ಅಮ್ಮ ಮಾರುದೂರ ಓಡುವವಳು. ‘ಕನ್ನಡಕ’ ಎನ್ನಲು ಬಾರದೆ ಜೀವಮಾನವಿಡೀ ‘ಕಡನ್ನಕ’ ಎನ್ನುತ್ತಿದ್ದದ್ದು, ಮನೆಮಂದಿ ಬಿದ್ದು ಬಿದ್ದು ನಗುತ್ತಿದ್ದದ್ದು ನೆನಪಿತ್ತು. ಆ ದನಿ ದಪ್ಪವಿತ್ತೋ ತೆಳುವಿತ್ತೋ, ಹಾಳಾದ್ದು, ಅದೇ ನೆನಪಿಗೆ ಬರುತ್ತಿರಲಿಲ್ಲ.

ಆ ಮಧ್ಯಾಹ್ನ ಹಾಕಿದ ಚಿತ್ರದ ಡಬ್ಬಿಯ ಮೇಲೆ ‘ನಾಯಕಿಯ ಸ್ವಂತ ಕಂಠದಲ್ಲಿ’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ನಾಯಕಿ ಬಾಗಿಲು ತೆರೆದು ಬಂದಳು. ಮುದುಕ ತಂದೆ ಮೇಜಿನ ಮೇಲೆಲ್ಲ ತಡಕಾಡುತ್ತಿದ್ದ.

“ಅಯ್ಯೋ ಅಪ್ಪಾ, ನಿಮ್ಮ ಕಡನ್ನಕ ತಲೆ ಮೇಲೇ ಇದ್ಯಲ್ಲಾ!”

ಮಗಳು ಇಸ್ತ್ರಿಪೆಟ್ಟಿಗೆಯಿಂದ ಕೈ ತೆಗೆದು ರಿಮೋಟ್ ಎತ್ತಿಕೊಂಡಳು. ಅಮ್ಮ! ಅಮ್ಮನೇ! ಮುಖ ಯಾರದೋ, ದನಿ ಅಮ್ಮನದು. ಹಿಂದಕ್ಕೆ ತಿರುಗಿಸಿ ಕೇಳಿದಳು. ಮತ್ತೆ ಕೇಳಿದಳು. ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಗೊತ್ತಾದದ್ದು, ಬ್ಯಾಂಕ್ ಮ್ಯಾನೇಜರರ ಬಿಳಿ ಅಂಗಿಯ ಬೆನ್ನು ಕರಕಲಾಗಿತ್ತು.

ವಾಸನೆಗೆ ಅಮ್ಮ ಓಡಿ ಬಂದಳು. ಪರದೆ ಕಂಡದ್ದೇ ಗರಬಡಿದವಳಂತೆ ನಿಂತುಬಿಟ್ಟಳು.

“ಅಮ್ಮಾ, ಇದು ನೀನಾ?”

ಅಮ್ಮ ರಿಮೋಟಿಗೆ ಕೈ ಹಾಕಿದಳು. ಮಗಳು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. “ಆರಿಸಿದ್ರೆ ನನ್ನಾಣೆ! ಬಾಯಿ ಬಿಟ್ಟು ಹೇಳು!” ಹಾಗಂದದ್ದಕ್ಕೆ ತಾನೇ ನಾಲಗೆ ಕಚ್ಚಿಕೊಂಡಳು.

ಅಮ್ಮ ಕೂತು ಬರೆದಳು. ‘ಮದುವೆಗೆ ಮುಂಚೆ. ನಾಲ್ಕು ಚಿತ್ರದಲ್ಲಿ ಈ ನಾಯಕಿಗೆ ನಾನೇ ಮಾತಾಡಿದೆ. ಆ ಪದ ಹನ್ನೊಂದು ಸಲ ಹೇಳಿಸಿದರು, ಬರಲಿಲ್ಲ, ಹಾಗೇ ಬಿಟ್ಟರು. ನಾಯಕಿಯ ದನಿ ಕೀರಲು. ಜನಕ್ಕೆ ಗೊತ್ತಾದರೆ ಅವಳ ಬದುಕು ಮುಳುಗುತ್ತಿತ್ತು. ಕೈ ಹಿಡಿದು ಅತ್ತಳು. ಯಾರಿಗೂ ಹೇಳಲ್ಲ ಅಂದೆ. ಅವಳಿಗೆ ಮಾತು ಕೊಟ್ಟಿದ್ದೆ.’

ಮಾತು ಕೊಟ್ಟಿದ್ದಳಂತೆ! ಎರಡೂ ಬಗೆಯಲ್ಲಿ ಕೊಟ್ಟು ಕೂತಿದ್ದಳು ಮಹಾತಾಯಿ. ಮಗಳಿಗೆ ಸಿಟ್ಟು ನೆತ್ತಿಗೇರಿತು.

“ಅವಳು ಸತ್ತೇ ಎಷ್ಟು ವರ್ಷ ಆಯ್ತು! ಇನ್ನೂ ಯಾರಿಗಮ್ಮ ಮುಚ್ಚಿಡ್ತೀಯ? ನಿನ್ನ ದನಿ ಹೇಗಿತ್ತು ಅಂತಾನೇ ಮರೆತುಹೋಗಿ, ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ ನಾನು. ಗೊತ್ತಾ ನಿಂಗೆ?”

ಅಮ್ಮನಿಗೆ ಗೊತ್ತಿರಲಿಲ್ಲ. ದನಿ ಹೋದದ್ದು ತನ್ನೊಬ್ಬಳ ನಷ್ಟ ಎಂದುಕೊಂಡಿದ್ದಳು ಪಾಪ. ಮಗಳ ಮುಖವನ್ನೇ ದಿಟ್ಟಿಸಿ ನೋಡಿದಳು, ಕಣ್ಣು ತುಂಬಿ ಬಂತು.

ಆಮೇಲೆ ರಿಮೋಟ್ ಕಿತ್ತುಕೊಂಡು ಚಿತ್ರವನ್ನು ಮುಂದಕ್ಕೆ ಓಡಿಸಿದಳು. ಒಂದು ಕಡೆ ನಿಲ್ಲಿಸಿ, ಪರದೆಗೆ ಬೆನ್ನು ಹಾಕಿ, ಮಗಳ ಎದುರಿಗೆ ಕೂತು ಗುಂಡಿ ಒತ್ತಿದಳು. ಹಿಂದೆ ನಾಯಕಿ ತನ್ನ ಮಗುವನ್ನು ಕೂಗುತ್ತಿದ್ದಳು. ಇಲ್ಲಿ ಅಮ್ಮನ ತುಟಿ, ಒಂದಕ್ಷರವೂ ಹಿಂದುಮುಂದಾಗದೆ, ಆಡುತ್ತಿತ್ತು.

“ಪುಟ್ಟೀ, ಎಲ್ಲಿದ್ದೀಯೇ? ಊಟ ಮಾಡು ಬಾರೇ.”

“ಇಲ್ಲೇ ಇದ್ದೀನಮ್ಮಾ,” ಎಂದ ಮಗಳು ಗೊಳೋ ಎಂದು ಅತ್ತುಬಿಟ್ಟಳು.