ಹಿಂಚಕ್ರದ ಮೇಲಿನ ಗೆರೆ

ಕಾರಿಗೆ ಹೊದಿಸಿದ ಆ ಬೂದು ಬಟ್ಟೆ ಹಿಂಭಾಗದಲ್ಲಿ ಸುಕ್ಕುಗಟ್ಟಿದೆ, ಯಾರಾದರೂ ಸ್ವಲ್ಪ ಎಳೆಯಬಾರದೇ, ಸರಿಯಾಗಿ ಹೊದಿಸಿದ್ದರೆ ಮೇಲಿಂದಲೇ ನನ್ನ ಗೆರೆ ಕಾಣುತ್ತಿತ್ತು, ಹಿಂಚಕ್ರದ ಮೇಲೆ ಏರಿ, ಒಂದು ಕ್ಷಣ ತಡೆದು, ಆಮೇಲೆ ಇಳಿಯುವ ಗೆರೆ — ಇಪ್ಪತ್ತಾರು ವರ್ಷ ಈ ಕಂಪನಿಗೆ ಜೇಡಿಮಣ್ಣಿನಲ್ಲಿ ಕಾರು ಕೆತ್ತಿಕೊಟ್ಟಿದ್ದೇನೆ, ಬಾಗಿಲು, ಬಂಪರು, ಬೆನ್ನು, ಎಲ್ಲ ಇನ್ನೊಬ್ಬರು ಬರೆದದ್ದು, ಈ ಗೆರೆಯೊಂದೇ ನನ್ನದು, ಡಿಸೈನರ್ ಕೊಟ್ಟ ಚಿತ್ರದಲ್ಲಿರಲಿಲ್ಲ, ಕೈಗೆ ಬಂತು, ಅಷ್ಟೆ. ಪಕ್ಕದಲ್ಲಿ ಅಕ್ಕ ತಿವಿಯುತ್ತಾಳೆ, ಯಾವಾಗ್ಲೇ ಬಟ್ಟೆ ತೆಗೆಯೋದು, ನನ್ ಕಾಲು ಬಿದ್ದೋಗ್ತಿದೆ, ಸ್ವಲ್ಪ ಸುಮ್ನಿರೇ ಅಂದರೂ ಬಿಡಳು, ಅಲ್ವೇ, ಇದು ಓಡೋದೇ ಇಲ್ವಂತಲ್ಲ? ಓಡಲ್ಲ ಕಣೆ, ಒಳಗೆ ಎಂಜಿನ್ನೇ ಇಲ್ಲ, ಬೆಳಿಗ್ಗೆ ಎಂಟು ಜನ ತಳ್ಕೊಂಡು ಬಂದು ನಿಲ್ಸಿದಾರೆ, ಮುಂದೆ ಇಂಥ ರೇಸು ಕಾರು ಮಾಡ್ತೀವಿ ಅಂತ ತೋರ್ಸೋಕೆ ಅಷ್ಟೆ — ಹಾಗಾದ್ರೆ ಇಷ್ಟು ಜನಕ್ಕೂ ತಲೆ ಕೆಟ್ಟಿದ್ಯಾ? ದೇವರೇ, ಇವಳನ್ನು ಯಾಕಾದರೂ ಕರೆತಂದೆನೋ, ಆದರೆ ಇನ್ಯಾರನ್ನು ಕರೆಯಲಿ, ಮುಂದಿನ ತಿಂಗಳು ನಮ್ಮ ಮಣ್ಣಿನ ವಿಭಾಗಕ್ಕೇ ಬೀಗ, ಇನ್ನೆಲ್ಲ ಕಂಪ್ಯೂಟರಿನಲ್ಲೇ, ನನ್ನದು ಅಂತ ತೋರಿಸಲು ಇದೊಂದೇ ಇರುವುದು. ನಮ್ಮ ಮಣ್ಣಿನ ಅಳತೆಯನ್ನು ತಿದ್ದಿ ನಯ ಮಾಡುವ ಆ ಕಂಪ್ಯೂಟರಿನವನಿಗೆ ಮೂರು ಸಲ ಹೇಳಿದ್ದೆ, ಅಪ್ಪಾ, ಕೈ ಮುಗೀತೀನಿ, ಆ ಗೆರೆ ಮುಟ್ಬೇಡ, ಅದು ಬೇಕಂತ್ಲೇ ಮಾಡಿರೋದು, ಆಯ್ತು ಮೇಡಂ, ಆಯ್ತು ಮೇಡಂ, ಕೋಲೆಬಸವನ ಹಾಗೆ ತಲೆಯಾಡಿಸಿದ. ವೇದಿಕೆ ಮೇಲೆ ನಮ್ಮ ಡಿಸೈನರ್ ಮೈಕು ಬಿಡುತ್ತಿಲ್ಲ, ವೇಗಕ್ಕೂ ಒಂದು ಮೌನವಿದೆ ಅನ್ನುತ್ತಾನೆ, ಮೌನವಂತೆ, ಎಂಜಿನ್ನೇ ಇಲ್ಲದ ಮೇಲೆ ಮೌನವಲ್ಲದೆ ಇನ್ನೇನಿರುತ್ತದೆ, ಎಳೆಯಪ್ಪಾ ಬಟ್ಟೆ, ಎಳಿ — ಎಳೆದರು.

ಕೆಂಪು. ಚಪ್ಪಾಳೆ. ಚಕ್ರ, ಚಕ್ರದ ಮೇಲೆ — ಇಲ್ಲ. ಇಲ್ಲ! ಸೋಪಿನ ಹಾಗೆ ನುಣ್ಣಗೆ ಜಾರಿಹೋಗಿದೆ, ಏರಿಲ್ಲ, ತಡೆದಿಲ್ಲ, ಅವನ ಮನೆ ಹಾಳಾಗ, ಮೂರು ಸಲ ಹೇಳಿದ್ದೆನಲ್ಲ — ಮತ್ತೆ ಬಾಗಿಲ ಹಿಡಿಕೆಯ ಕೆಳಗೆ ಅದೇನದು, ಗುಳಿ, ಅಯ್ಯೋ, ಅಯ್ಯಯ್ಯೋ, ಆವತ್ತು ಮಧ್ಯಾಹ್ನ ಸ್ಟೂಲು ಅಲುಗಿತ್ತು, ಬೀಳದಿರಲಿ ಎಂದು ಹೆಬ್ಬೆರಳು ಊರಿದ್ದೆ, ಕಾಯಿಸಿ ಹಚ್ಚಿದ ಮಣ್ಣು ಇನ್ನೂ ಬೆಚ್ಚಗೆ ಮೆತ್ತಗಿತ್ತು, ಊಟ ಮುಗಿಸಿ ಬಂದು ತುಂಬಿದರಾಯಿತು ಎಂದುಕೊಂಡೆ, ಬರುವಷ್ಟರಲ್ಲಿ ಯಂತ್ರದವರು ಅಳತೆ ತೆಗೆದುಕೊಂಡು ಹೋಗಿದ್ದರು, ಓಡಿಹೋಗಿ ಆ ಕಂಪ್ಯೂಟರಿನವನಿಗೆ ಅದನ್ನೂ ಹೇಳಿದ್ದೆ, ಗೆರೆ ಬಿಡು, ಗುಳಿ ಅಳಿಸು, ಪುಣ್ಯಾತ್ಮ ಗೆರೆ ಅಳಿಸಿ ಗುಳಿ ಬಿಟ್ಟಿದ್ದಾನೆ! ನಾವು ಮಣ್ಣಿನಲ್ಲಿ ಮಾಡುವುದು ಅರ್ಧ ಕಾರು, ಇನ್ನರ್ಧವನ್ನು ಯಂತ್ರವೇ ಕನ್ನಡಿಯಂತೆ ತಿರುಗಿಸಿಕೊಳ್ಳುತ್ತದೆ, ಅಂದರೆ ಆ ಕಡೆಯ ಬಾಗಿಲಿಗೂ ಒಂದು. ಈ ಗುಳಿ ನೋಡಿ, ಡಿಸೈನರ್ ಹೇಳುತ್ತಿದ್ದಾನೆ, ಇದೇ ಈ ಕಾರಿನ ಪ್ರಾಣ, ಇದಕ್ಕೋಸ್ಕರ ಎಂಟು ತಿಂಗಳು ನಿದ್ದೆಗೆಟ್ಟಿದೀನಿ, ಬನ್ನಿ, ಮುಟ್ಟಿ ನೋಡಿ — ಎಲಾ ಇವನ, ನಿದ್ದೆಗೆಟ್ಟನಂತೆ, ನನ್ನ ಸ್ಟೂಲು ಅಲುಗಿದ ದಿನ ಇವನು ರಜೆಯಲ್ಲಿದ್ದ. ಅಧ್ಯಕ್ಷರು ಹೋಗಿ ಹೆಬ್ಬೆರಳಿಟ್ಟರು, ಆಹಾ ಅಂದರು, ಅವರ ಹೆಂಡತಿ ಇಟ್ಟರು, ಪತ್ರಿಕೆಯವರು ಸಾಲುಗಟ್ಟಿದರು, ಒಬ್ಬೊಬ್ಬರದೇ ಹೆಬ್ಬೆರಳು, ಒಬ್ಬೊಬ್ಬರದೇ ಆಹಾ, ಕೂಗಿಬಿಡಲೇ, ಕೂಗಿ ಏನೆಂದು ಹೇಳಲಿ, ನನ್ನದು ಇದಲ್ಲ, ನನ್ನದು ಆ ಕಾಣದಿರುವುದು ಅನ್ನಲೇ? ಅಕ್ಕ ಕಿವಿಗೆ ಬಾಯಿಟ್ಟಳು, ಇದನ್ನೇನಾ ನೀನು ಮಾಡಿದ್ದು? ಹೂಂ ಕಣೆ, ಇದನ್ನೇ. ಎಷ್ಟು ಮುದ್ದಾಗಿದ್ಯೇ, ಕಣ್ಣು ತುಂಬಿಕೊಂಡಳು, ನಲವತ್ತೆಂಟು ವರ್ಷದಲ್ಲಿ ಒಮ್ಮೆಯೂ ನನ್ನ ಹೊಗಳದವಳು, ಬಾರೇ, ನೀನೂ ಇಡು, ಬೇಡ ಕಣೆ, ಕೈ ಬಿಡು, ಬಿಡೇ ಅಂದ್ರೆ — ಎಳೆದುಕೊಂಡು ಹೋಗಿ ಒತ್ತಿಯೇ ಬಿಟ್ಟಳು, ಎಲ್ಲರ ಬೆರಳೂ ಸರಿಹೊಂದದೆ ಅಲ್ಲಾಡುತ್ತಿದ್ದ ಜಾಗದಲ್ಲಿ ನನ್ನದು ಉಗುರಿನ ಸಮೇತ ಹೋಗಿ ಕೂತಿತು, ಸುತ್ತ ಕೆಂಪು, ನಡುವೆ ನನ್ನ ಹೆಬ್ಬೆರಳು, ಮೇಲೆ ಎಲ್ಲೂ ತಡೆಯದೆ ಇಳಿದುಹೋದ ಆ ಬೆನ್ನು, ನನ್ನ ಹೆಬ್ಬೆರಳು, ಆ ಬೆನ್ನು, ನನ್ನ ಹೆಬ್ಬೆರಳು