ಕೈಯಿಂದ ಕೈಗೆ ಕೊಡಬಾರದ ಈಳಿಗೆ

ಈಳಿಗೆ ನಾನು. ಹತ್ತಿರ ಬರುವ ಮೊದಲೇ ಹೇಳಿಬಿಡುತ್ತೇನೆ, ನನ್ನಿಂದ ಸಿಹಿ ಮಾತು ಬಯಸಬೇಡಿ. ಬ್ಯಾಡಗಿಯ ಕಮ್ಮಾರನೊಬ್ಬ ಹಳೆಯ ಲಾರಿಯ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಡಿದು, ನೀರಿಗೆ ಅದ್ದಿ ನನ್ನ ಅಲಗು ಮಾಡಿದ. ಜಾಲಿಯ ಮಣೆಗೆ ಕೂರಿಸಿ, ಹರಿತ ನೋಡಲು ಹೆಬ್ಬೆರಳು ಇಟ್ಟು ಕೊಯ್ದುಕೊಂಡ. "ಥೂ, ಹುಟ್ಟಿದ ಕೂಡ್ಲೆ ಕಚ್ಚಿತಲ್ಲೋ!" ಎಂದು ಬೈದ. ನಾನು ಕೇಳಿದ ಮೊದಲ ಮಾತೇ ಬೈಗುಳ.

ನನ್ನನ್ನು ಕೊಂಡವಳು ಶಿಗ್ಗಾಂವಿಯ ಬಸಲಿಂಗವ್ವ. ಅವಳ ಮನೆಯಲ್ಲಿ ನನಗೆ ಎರಡು ಕಟ್ಟಳೆಗಳಿದ್ದವು. ಕೆಲಸ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಹೋಗುವಂತಿಲ್ಲ, ಗೋಡೆಯ ಬದಿಗೆ ಮಲಗಿಸಬೇಕು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ನೆಲಕ್ಕಿಟ್ಟು ಎತ್ತಿಕೊಳ್ಳಬೇಕು. ತಪ್ಪಿದರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಕಟ್ಟಿಟ್ಟ ಬುತ್ತಿ. ಮಗಳು ಇಂದ್ರವ್ವ ಮದುವೆಯಾಗಿ ಹೊರಟಾಗ ಬಸಲಿಂಗವ್ವ ನನ್ನನ್ನು ಅವಳ ಮುಂದೆ ನೆಲಕ್ಕಿಟ್ಟಳು. "ತಗೋಳವ್ವಾ. ಇದನ್ನ ಯಾರ ಕೈಯಾಗೂ ಕೊಡಬ್ಯಾಡ, ಜಗಳಾ ಬರ್ತೈತಿ" ಎಂದಳು.

ಇಂದ್ರವ್ವನ ಗಂಡ ಅಡಿವೆಪ್ಪ ಹಾವೇರಿಯ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದ. ಮದುವೆಗಳ ಅಡುಗೆಯನ್ನೂ ಹಿಡಿಯುತ್ತಿದ್ದ. ಅವಳು ನನ್ನ ಮೇಲೆ ಕೂತು ಹೆಚ್ಚುವುದು, ಅವನು ಒಲೆಯ ಮುಂದೆ ಕುದಿಸುವುದು. ಇಬ್ಬರೂ ಕೆಲಸದಲ್ಲಿ ಹುಲಿ, ಮಾತಿನಲ್ಲಿ ಮೂಗರು. ಸಿಟ್ಟು ಬಂದರೆ ಅವಳು ನನ್ನ ಮೇಲೆ ಕುಂಬಳಕಾಯಿ ಕುಕ್ಕುತ್ತಿದ್ದಳು, ಅವನು ಸೌಟು ಕುಕ್ಕುತ್ತಿದ್ದ. ಏನಾಯಿತು ಎಂದು ಒಬ್ಬರನ್ನೊಬ್ಬರು ಕೇಳಿದ್ದನ್ನು ಹನ್ನೆರಡು ವರ್ಷದಲ್ಲಿ ನಾನು ಕೇಳಲಿಲ್ಲ.

ಒಂದು ದಿನ ಮುನ್ನೂರು ಜನರ ಮದುವೆಯ ಅಡುಗೆ. ಇಂದ್ರವ್ವ ಕಲ್ಯಾಣ ಮಂಟಪದ ಹಿತ್ತಿಲಲ್ಲಿ ಬದನೆಕಾಯಿ ಸೀಳುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಅಡಿವೆಪ್ಪನ ಮೊಬೈಲಿಗೆ ಫೋನು ಬಂತು. "ಹೌದೇನು? ಭಾಳ ಸೀರಿಯಸ್ಸಾ? ಆತು, ಬರ್ತೇವಿ" ಎಂದ. ನಮ್ಮ ಕಡೆ ತಿರುಗಿ ಎರಡು ಹೆಜ್ಜೆ ಬಂದ. ಹೆಂಡತಿಯ ಬಗ್ಗಿದ ತಲೆಯನ್ನು ನೋಡುತ್ತ ನಿಂತ. ಆಮೇಲೆ ತಿರುಗಿ ಹೋಗಿ ಸಾರಿನ ಹಂಡೆಗೆ ಬೇಳೆ ಸುರಿದ. ನನಗೆ ಬಾಯಿದ್ದಿದ್ದರೆ ಅಂದು ಕೂಗಿಬಿಡುತ್ತಿದ್ದೆ.

ಮೂರು ಗಂಟೆಗೆ, ಕೊನೆಯ ಪಂಕ್ತಿ ಎದ್ದ ಮೇಲೆ, "ನಿಮ್ಮವ್ವಗ ಆರಾಮಿಲ್ಲಂತ, ನಡಿ" ಎಂದ. ಶಿಗ್ಗಾಂವಿ ಬಸ್ಸಿಗೆ ಒಂದು ತಾಸಿನ ದಾರಿ. ಇವರು ಹೋಗುವಷ್ಟರಲ್ಲಿ ಬಸಲಿಂಗವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿಯಾಗಿತ್ತು. ಅಲ್ಲೇ ಇಂದ್ರವ್ವನ ಅಣ್ಣ, "ಒಂಬತ್ತಕ್ಕ ಫೋನ್ ಮಾಡಿದ್ನಲ್ಲವ್ವಾ" ಎಂದನಂತೆ. ಮಣ್ಣು ಮುಗಿಸಿ ಬಂದ ಇಂದ್ರವ್ವ ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಮಾತು ಬಿಟ್ಟಳು, ಅಷ್ಟೆ.

ಆಮೇಲಿನ ಹದಿನಾಲ್ಕು ತಿಂಗಳು ನರಕ. ಎಣ್ಣೆ ಸೀಗೆಕಾಯಿ ಎನ್ನುತ್ತಾರಲ್ಲ, ಹಾಗೆ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬದುಕಿದರು. ಅವಳು ನನಗೆ ಹೇಳುವಳು: "ಏ ಈಳಿಗಿ, ಉಳ್ಳಾಗಡ್ಡಿ ಮುಗದಾವು ಅಂತ ಹೇಳು." ಅವನು ಒಲೆಗೆ ಹೇಳುವನು: "ನಾಳೆ ಸಂತಿ ಐತಿ ಅಂತ ಹೇಳು." ನಾವಿಬ್ಬರೂ ಏನು ಅವರ ಅಪ್ಪನ ಮನೆಯ ಆಳುಗಳೇ? ಅವಳು ನನ್ನ ಮೇಲೆ ಕೂತಾಗ ಕಣ್ಣೀರು ಅಲಗಿನ ಬುಡಕ್ಕೆ ಬೀಳುತ್ತಿತ್ತು. ಉಳ್ಳಾಗಡ್ಡಿ ಇಲ್ಲದ ದಿನವೂ ಬೀಳುತ್ತಿತ್ತು. ಬುಡದಲ್ಲಿ ತುಕ್ಕು ಹಿಡಿಯಿತು. ಅಯ್ಯೋ ಪಾಪ ಎನಿಸುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು ನನಗೆ. ಕೇಳಬೇಕಾದವನು ನಾಲ್ಕು ಮಾರು ದೂರದಲ್ಲೇ ಇದ್ದನಲ್ಲ!

ಊರಿನಿಂದ ಅಡಿವೆಪ್ಪನ ಸೋದರತ್ತೆ ಚೆನ್ನಬಸವ್ವ ಬಂದಳು. ಎರಡು ದಿನ ನೋಡಿದಳು. ಮೂರನೆಯ ದಿನ ನನ್ನತ್ತ ಬೆರಳು ತೋರಿಸಿ, "ಈ ಈಳಿಗಿ ಯಾರೋ ಕೈಯಾಗ ಕೊಟ್ಟಾರ. ಅದಕ್ಕ ಮನಿ ಹಿಂಗಾಗೇತಿ. ಮದ್ಲ ಗುಜರಿಗೆ ಹಾಕೋ" ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಯಾರೋ ನುಂಗಿದ ಮಾತಿಗೆ ನನ್ನ ಮೇಲೆ ಗೂಬೆ ಕೂರಿಸಿದರು.

ಅಡಿವೆಪ್ಪ ಅತ್ತೆಗೆ ಎದುರಾಡಲಿಲ್ಲ. ನನ್ನನ್ನು ಎತ್ತಿಕೊಂಡು ಬಾಗಿಲಿಗೆ ನಡೆದ. ಇಂದ್ರವ್ವ ಹೊಸ್ತಿಲಿಗೆ ಅಡ್ಡ ನಿಂತಳು.

"ಅದು ನಮ್ಮವ್ವಂದು."

ಅವಳು ಹೇಳಿದ್ದು ಅವನಿಗೇ, ಅವನ ಮುಖ ನೋಡಿ. ಅವನು ಬೆದರಿ, ಪದ್ಧತಿಯಂತೆ ನನ್ನನ್ನು ನೆಲಕ್ಕಿಡಲು ಬಗ್ಗಿದ.

"ನೆಲಕ್ಕ ಇಡಬ್ಯಾಡ್ರಿ. ಕೈಯಾಗ ಕೊಡ್ರಿ."

"ಏ ಹುಚ್ಚೀ, ಜಗಳಾ ಬರ್ತೈತಿ!" ಎಂದು ಚೆನ್ನಬಸವ್ವ ಕೂಗಿದಳು.

"ಬರ್ಲಿ. ಹದಿನಾಲ್ಕು ತಿಂಗಳಾತು, ಬರವಲ್ದು. ಇವತ್ತ ಬರ್ಲಿ."

ಅವನು ಅಲಗನ್ನು ತನ್ನ ಕಡೆಗೆ ಹಿಡಿದು ಕೊಟ್ಟ. ಅವಳು ಮಣೆ ಹಿಡಿದು ತೆಗೆದುಕೊಂಡಳು. ಒಂದು ಗಳಿಗೆ ನಾನು ಇಬ್ಬರ ಕೈಯಲ್ಲೂ ಇದ್ದೆ.

"ಫೋನು ಎಷ್ಟಕ್ಕ ಬಂತು?"

"ಒಂಬತ್ತಕ್ಕ."

"ಅವ್ವ ಹೋಗಿದ್ದು?"

"…ಒಂದಕ್ಕ."

"ನನಗ ಹೇಳಿದ್ದು?"

"ಇಂದ್ರಾ, ಮುನ್ನೂರು ಮಂದಿ ಎಲಿ ಮುಂದ ಕುಂತಿದ್ರು…"

"ನಮ್ಮವ್ವ ಒಬ್ಬಾಕಿ ಬಾಗಲಾ ನೋಡ್ಕೋತ ಮಲಗಿದ್ಲು!"

ಹಂಚು ಹಾರಿಹೋಗುವಂಥ ಜಗಳ ಅದು. ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತರು. ಮಂದಿಯ ಊಟ ದೊಡ್ಡದಾಯಿತೇ ಎಂದು ಅವಳು ಕೇಳಿದಳು. ಮೊದಲು ಅವನೂ ಜೋರು ಮಾಡಿದ, ನೀನಾದರೂ ಕೇಳಬೇಕಿತ್ತು ಎಂದ. ಕೊನೆಗೆ ಅವನ ದನಿ ಬಿದ್ದುಹೋಯಿತು. "ಮಂದಿ ಸಲುವಾಗಿ ಅಲ್ಲ. ನಿನ್ನ ಹತ್ರ ಬಂದೆ, ಹೆಂಗ ಹೇಳೂದು ತಿಳೀಲಿಲ್ಲ. ನಿನ್ನ ಮಾರಿ ನೋಡಾಕ ಹೆದರಿದೆ."

"ನಿಮ್ಮ ಹೆದರಿಕಿಗೆ ನಮ್ಮವ್ವನ ಕಡೀ ಮಾತು ಹೋತು" ಎಂದಳು ಇಂದ್ರವ್ವ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ನನ್ನನ್ನು ನೆಲಕ್ಕೆ ಹಾಕಿ, ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು, "ಮಂದಿ ನಿಂತಾರ. ಬದನಿಕಾಯಿ ತರ್ರಿ" ಎಂದಳು. ಆ ಮಾತನ್ನು ಅವಳು ನನಗೆ ಹೇಳಲಿಲ್ಲ, ಅವನಿಗೆ ಹೇಳಿದಳು. ಅವನು ಓಡಿ ಹೋಗಿ ತಂದ.

ಈಗ ತರಕಾರಿ ಹೆಚ್ಚಲು ಯಂತ್ರ ಬಂದಿದೆ. ಮಸೆದು ಮಸೆದು ನನ್ನ ಅಲಗು ಬೆರಳಷ್ಟು ಅಗಲ ಉಳಿದಿದೆ. ಹಪ್ಪಳದ ಡಬ್ಬಿಗಳ ಪಕ್ಕ, ಮೇಲಿನ ಹಲಗೆಯ ಮೇಲೆ ಮಲಗಿದ್ದೇನೆ. ಬಸಲಿಂಗವ್ವ ಹೇಳಿದ್ದು ಸುಳ್ಳಲ್ಲ, ನನ್ನನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ. ಕೊಡದಿದ್ದರೆ ಏನು ಬರುತ್ತದೆ ಎಂಬುದನ್ನು ಮಾತ್ರ ಅವಳು ಹೇಳಿರಲಿಲ್ಲ.

ಮೊನ್ನೆ ಎರಡು ದಿನದಿಂದ ಇಂದ್ರವ್ವನ ಮುಖ ಗಂಟಾಗಿತ್ತು. ಅಡಿವೆಪ್ಪ ಸಾರು ಕುದಿಸುತ್ತ ಓರೆಗಣ್ಣಿನಲ್ಲಿ ನೋಡಿದ. ಸೌಟು ಕುಕ್ಕಲಿಲ್ಲ. ಸ್ಟೂಲು ಹಾಕಿ ಹತ್ತಿ, ಧೂಳು ಕೊಡವಿ ನನ್ನನ್ನು ಕೆಳಗಿಳಿಸಿದ. ಅಲಗನ್ನು ತನ್ನ ಕಡೆಗೆ ಹಿಡಿದು ಅವಳ ಮುಂದೆ ಚಾಚಿದ.

"ತಗೋ. ಏನಾಗೇತಿ, ಹೇಳು."

ಅವಳು ನನ್ನನ್ನು ಕಸಿದುಕೊಂಡು ಶುರುಮಾಡಿದಳು.