ರೇವಮ್ಮನ ಏಳು ಏಟು

ನಾನು ಒಂದು ಮೂರು ಗಾಲಿಯ ಸೈಕಲ್ಲು. ಕಾಲಿಲ್ಲದವರು ಕೈಯಿಂದ ಪೆಡಲು ತಿರುಗಿಸಿ ಓಡಿಸುವ ಗಾಡಿ. ಹುಟ್ಟಿದ್ದು ವೆಲ್ಡಿಂಗ್ ಬೆಂಕಿಯಲ್ಲಿ. ಕೊಳವೆ ಬಗ್ಗಿಸಿ, ಸುಟ್ಟು ಕೂಡಿಸಿ, ನೀಲಿ ಬಣ್ಣ ಬಳಿದು, ಬೆನ್ನಿಗೆ ‘ಸರ್ಕಾರದ ಕೊಡುಗೆ’ ಎಂಬ ತಗಡು ಬಡಿದರು. ಅವತ್ತು ನನಗೆ ಬಂದ ಜಂಬ ಅಷ್ಟಿಷ್ಟಲ್ಲ.

ಜಂಬ ಇಳಿಯಲು ಹತ್ತು ದಿನ ಸಾಕಾಯಿತು. ಬಂದಿದ್ದು ಒಂದೇ ಗಾಡಿ, ಸಮಾರಂಭಗಳು ಐದು. ಮೊದಲ ಮೂರರಲ್ಲಿ ಮೂವರಿಗೆ ನನ್ನನ್ನು ‘ಕೊಟ್ಟರು’. ಹಾರ, ಚಪ್ಪಾಳೆ, ಫೋಟೊ, ಪುಸ್ತಕದಲ್ಲಿ ಹೆಬ್ಬೆಟ್ಟು. ದೊಡ್ಡವರ ಕಾರು ಮರೆಯಾದದ್ದೇ ತಡ, ಟೆಂಪೋದ ಭೀಮಶಾ ಎರಡು ಆಳು ಕಟ್ಟಿಕೊಂಡು ಬಂದು ಅವರನ್ನು ಕೆಳಗಿಳಿಸುತ್ತಿದ್ದ. ಹುಸೇನಸಾಬ ಎಂಬ ಮುದುಕ ಹ್ಯಾಂಡಲ್ ಬಿಡಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ತಿರುಚಿ ಬಿಡಿಸಿದರು. ಒಂದು ಬೆರಳು ಲಟಕ್ಕೆಂದು ಮುರಿಯಿತು. “ನಿಂದು ಆಮ್ಯಾಲ ಬರ್ತದ ಬಿಡೋ ಮುತ್ಯಾ,” ಎಂದ ಭೀಮಶಾ.

ನಾಲ್ಕನೆಯವಳು ರೇವಮ್ಮ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಚಪ್ಪಡಿ ಸೀಳುತ್ತಿದ್ದವಳು. ಮೂರು ವರ್ಷದ ಹಿಂದೆ ಚಪ್ಪಡಿಯೊಂದು ಉರುಳಿ ಅವಳ ಎರಡೂ ಕಾಲುಗಳನ್ನು ಜಜ್ಜಿತ್ತು. ಅಂದಿನಿಂದ ಬಯಲಕಡೆಗೆ ಹೋಗಲೂ ತಮ್ಮ ಸಾಬಣ್ಣನ ಬೆನ್ನೇರಬೇಕು. ಆ ನಾಚಿಕೆಗೆ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ದಿನಕ್ಕೆ ಒಂದು ಲೋಟ. ತುಟಿಗಳು ಒಡೆದಿದ್ದವು. ಅವಳಿಗೆ ಬೇಕಾಗಿದ್ದು ಹಾರ ತುರಾಯಿಯಲ್ಲ, ಯಾರ ಬೆನ್ನೂ ಏರದೆ ಬಯಲಿಗೆ ಹೋಗಿ ಬರುವುದು.

ಫೋಟೊ ಮುಗಿಯಿತು, ಭೀಮಶಾ ಬಂದ.

“ಇಳಿ ಯವ್ವಾ, ನಾಳೆ ಮತ್ತೊಂದು ಕಡಿ ಫಂಕ್ಷನ್ ಅದ.”

“ಆಗಲೇ ಹೆಬ್ಬೆಟ್ಟು ಒತ್ತೀನಿ. ಇದು ನಂದು.”

ಅವನು ತುರುಬು ಹಿಡಿದೆಳೆದ. ಅವಳು ಅವನ ಮುಂಗೈ ಕಚ್ಚಿದಳು. ರಕ್ತ ನನ್ನ ಸೀಟಿಗೆ ಚಿಮ್ಮಿತು. ಆಳುಗಳು ನನ್ನನ್ನೇ ಮಗುಚಿ ಅವಳನ್ನು ಕೆಡವಿದರು. ಅಡ್ಡ ಬಂದ ಸಾಬಣ್ಣನ ಎದೆಗೆ ಒದ್ದರು. ರೇವಮ್ಮನ ಹಣೆ ನೆಲದ ಕಲ್ಲಿಗೆ ಬಡಿದು ಒಡೆಯಿತು. ಸುತ್ತ ನೂರಾರು ಜನ ಸಮಾರಂಭದ ಬೂಂದಿ ತಿನ್ನುತ್ತಾ ನೋಡುತ್ತಿದ್ದರು. ಥೂ, ಅವರ ಜನ್ಮಕ್ಕಿಷ್ಟು!

ಅವಳು ತೆವಳಿದಳು. ನನ್ನ ಕಡೆಗಲ್ಲ, ಪೆಂಡಾಲಿನ ಗೂಟ ಬಡಿದವರು ಬಿಟ್ಟುಹೋದ ಸುತ್ತಿಗೆಯ ಕಡೆಗೆ. ಏಟು ತನಗೇ ಬೀಳುತ್ತದೆಂದು ಭೀಮಶಾ ಹಿಂದಕ್ಕೆ ಹಾರಿದ. ಬಿದ್ದಿದ್ದು ನನಗೆ. ಮೊದಲ ಏಟಿಗೆ ತಗಡು ಕಿತ್ತು ಹಾರಿತು. ಎರಡನೆಯದಕ್ಕೆ ಮಡ್‌ಗಾರ್ಡ್ ಚಪ್ಪಟೆಯಾಯಿತು. ಮೂರು, ನಾಲ್ಕು, ಐದು... ಬೆನ್ನೊರಗು ಸೊಟ್ಟಗಾಯಿತು. ಇವಳೂ ಶತ್ರುವೇ ಎಂದುಕೊಂಡೆ ನಾನು.

“ಹುಚ್ಚಿ! ನಿನ್ನ ಗಾಡಿ ನೀನೇ ಒಡಕೊಳ್ಳಾಕತ್ತೀಯಲ್ಲ!”

ಏಳನೆಯ ಏಟು ಹಾಕಿ ಅವಳು ಮುಖದ ರಕ್ತ ಒರೆಸಿಕೊಂಡಳು. “ಈಗ ಒಯ್ಯೋ. ಒಯ್ದು ನಿಮ್ಮ ಸಾಹೇಬ್ರ ಬಾಜೂಕ ನಿಲ್ಸು.”

ಭೀಮಶಾ ನನ್ನ ಸುತ್ತ ಎರಡು ಸುತ್ತು ಬಂದ. ಇಂಥ ಗಾಡಿಯನ್ನು ವೇದಿಕೆಗೆ ಏರಿಸುವುದು ಹೇಗೆ? ಕ್ಯಾಕರಿಸಿ ಉಗಿದು ಟೆಂಪೋ ಹತ್ತಿದ.

ಸಾಬಣ್ಣ ನನ್ನನ್ನು ಎತ್ತಿ ನಿಲ್ಲಿಸಿದಾಗಲೇ ನನಗೆ ಗೊತ್ತಾದದ್ದು. ಎಲ್ಲಿ ಹೊಡೆದರೆ ಕಲ್ಲು ಸೀಳುತ್ತದೆ, ಎಲ್ಲಿ ಹೊಡೆದರೆ ಹಾಳಾಗುತ್ತದೆ ಎಂಬುದು ಗಣಿಯವರ ಕೈಗೆ ಗೊತ್ತು. ಏಳರಲ್ಲಿ ಒಂದೇಟೂ ಗಾಲಿಗೆ, ಅಚ್ಚಿಗೆ, ಚೈನಿಗೆ ತಾಗಿರಲಿಲ್ಲ. ರೂಪ ಹೋಗಿತ್ತು, ಓಟ ಉಳಿದಿತ್ತು.

ಮನೆ ಮುಟ್ಟಿ, ಹಣೆಗೆ ಅರಿಶಿನ ಮೆತ್ತಿಕೊಂಡು, “ತಮ್ಮಾ, ತಂಬಿಗಿ ತುಂಬ ನೀರು ಕೊಡು,” ಎಂದಳು. ಗಟಗಟನೆ ಕುಡಿದು ಇನ್ನೊಂದು ತಂಬಿಗೆ ಕೇಳಿದಳು. ಸಾಬಣ್ಣ ಎದೆ ಹಿಡಿದುಕೊಂಡು ಅತ್ತ.

ಹನ್ನೆರಡು ವರ್ಷ ಅವಳನ್ನು ಹೊತ್ತೆ. ಈಗ ಅಚ್ಚು ತುಕ್ಕು ಹಿಡಿದು ಹಿತ್ತಲಿನ ಮೂಲೆ ಸೇರಿದ್ದೇನೆ. ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತದೆ. ನನಗೆ ದುಃಖವಿಲ್ಲ, ಸಿಟ್ಟಿದೆ. ಪುಸ್ತಕದಲ್ಲಿ ಮೊದಲ ಮೂವರ ಹೆಬ್ಬೆಟ್ಟೂ ಇರುವುದರಿಂದ ಅವರಿಗೆ ಇನ್ನೊಂದು ಗಾಡಿ ಬಂದಿರಲಾರದು. ಸರ್ಕಾರದ ಪ್ರಕಾರ ನಾನು ಹುಸೇನಸಾಬನ ಅಂಗಳದಲ್ಲಿ ನಿಂತಿದ್ದೇನೆ, ಅವನು ದಿನವೂ ನನ್ನ ಮೇಲೆ ಕೂತು ನಮಾಜಿಗೆ ಹೋಗಿ ಬರುತ್ತಾನೆ.